ಕಾರಿನ ಅಡಿಯ ಸದ್ದು ಯಾರ ಕಿವಿಗೆ?

ಕಾರಿನ ಅಡಿಯಿಂದ ಹೊರಡುವ ಸದ್ದಿಗೆ ಒಂದು ವಿಚಿತ್ರ ಗುಣವಿದೆ. ಮನೆಯಿಂದ ಪೇಟೆಯವರೆಗೆ ದಾರಿಯುದ್ದಕ್ಕೂ ಕಟಕಟ ಎಂದು ಜೀವ ತಿನ್ನುವ ಸದ್ದು, ಗ್ಯಾರೇಜಿನ ಅಂಗಳಕ್ಕೆ ಚಕ್ರ ಇಟ್ಟೊಡನೆ ಅಡಗಿಬಿಡುತ್ತದೆ. ಮೆಕ್ಯಾನಿಕ್ ಸ್ಟಿಯರಿಂಗ್ ಹಿಡಿದು ನುಣುಪಾದ ಡಾಂಬರಿನ ಮೇಲೆ ಅರ್ಧ ಕಿಲೋಮೀಟರ್ ಹೋಗಿ ಬಂದು, ‘ಏನೂ ಕೇಳಿಸುವುದಿಲ್ಲವಲ್ಲ’ ಎನ್ನುತ್ತಾನೆ. ಪಕ್ಕದಲ್ಲಿ ಕುಳಿತ ಮಾಲೀಕನಿಗೆ ತಾನೇ ಸುಳ್ಳು ಹೇಳಿ ಸಿಕ್ಕಿಬಿದ್ದಂತಹ ಸಂಕೋಚ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಕಾರು ಇಟ್ಟುಕೊಂಡ ಯಾರಿಗೂ ಇದು ಹೊಸ ಅನುಭವವಲ್ಲ. ಗ್ಯಾರೇಜಿಗೆ ನಾವು ಕಾರನ್ನು ಒಯ್ಯುತ್ತೇವೆ. ಸದ್ದನ್ನು ಹುಟ್ಟಿಸಿದ ರಸ್ತೆಯನ್ನು ಒಯ್ಯಲಾರೆವು.

ಆ ರಸ್ತೆಯಾದರೂ ಎಂಥದು? ಮಾಣಿಯಿಂದ ಪುತ್ತೂರು, ಜಾಲ್ಸೂರು, ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಗೆ ಏರುವ 275ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಾದುಹೋಗುವ ಪ್ರವಾಸಿಗೆ ಅದರ ಪರಿಚಯವಾಗದು. ಹೆದ್ದಾರಿಯನ್ನು ಬಿಟ್ಟು ಬೆಳ್ಳಾರೆಗೋ ಗುತ್ತಿಗಾರಿಗೋ ಆಲಂಕಾರಿಗೋ ತಿರುಗಬೇಕು, ಅಲ್ಲಿಂದ ಪಂಚಾಯಿತಿ ರಸ್ತೆಗೆ ಇಳಿಯಬೇಕು, ಕೊನೆಯ ಅರ್ಧ ಕಿಲೋಮೀಟರನ್ನು ಅಡಿಕೆ ತೋಟದ ಬದಿಯ ದಾರಿಯಲ್ಲಿ ಕ್ರಮಿಸಬೇಕು. ಚಕ್ರಕ್ಕೊಂದರಂತೆ ಎರಡು ಪಟ್ಟಿ ಕಾಂಕ್ರೀಟು, ನಡುವೆ ಹುಲ್ಲು, ಅಡ್ಡಲಾಗಿ ಮಳೆನೀರು ಹರಿದು ಹೋಗಲು ಕಡಿದ ಕಣಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವ ಊರಿದು. ಮಳೆ ಮುಗಿದೊಡನೆ ಮುರಕಲ್ಲಿನ ಕೆಂಪು ಹುಡಿ. ಕಾರಿನ ಕೀಲುಗಳಿಗೆ ತೊಡಿಸಿದ ರಬ್ಬರ್ ಟೋಪಿ ಎಲ್ಲಿಯಾದರೂ ಹರಿದಿದ್ದರೆ ನೀರಿನೊಡನೆ ಈ ಹುಡಿ ಒಳಗೆ ಸೇರಿ, ಅಲ್ಲಿನ ಗ್ರೀಸಿನೊಂದಿಗೆ ಬೆರೆತು, ಉಕ್ಕನ್ನು ಉಜ್ಜುವ ಕಲ್ಕವಾಗುತ್ತದೆ. ಕಾರು ತಯಾರಿಸಿದವರು ಬರೆದುಕೊಟ್ಟ ಕಿಲೋಮೀಟರುಗಳ ಲೆಕ್ಕ ಇಲ್ಲಿ ನಡೆಯದಿರಲು ಕಾರಣ ಇಷ್ಟೇ.

ಸಸ್ಪೆನ್ಷನ್ ಎಂಬುದು ಹೆಸರಿಗೆ ಭಾರವಾದರೂ ತತ್ತ್ವದಲ್ಲಿ ಸರಳವಾದ ಏರ್ಪಾಡು. ಚಕ್ರದ ಏರಿಳಿತವನ್ನು ಸ್ಪ್ರಿಂಗ್ ನುಂಗುತ್ತದೆ; ನುಂಗಿದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಶಾಕ್ ಅಬ್ಸಾರ್ಬರ್ ತಡೆಯುತ್ತದೆ. ಇವೆರಡನ್ನೂ ಒಂದೇ ಕಂಬದಲ್ಲಿ ಕೂಡಿಸುವ ವಿನ್ಯಾಸವನ್ನು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ. ನಮ್ಮ ಮಧ್ಯಮ ವರ್ಗಕ್ಕೆ ಕಾರಿನ ರುಚಿ ಹತ್ತಿಸಿದ ಮಾರುತಿ 800ರ ಮುಂಭಾಗದಲ್ಲಿದ್ದುದು ಅದೇ. ಇಂದಿನ ಸಣ್ಣ ಕಾರುಗಳಲ್ಲಿಯೂ ಹೆಚ್ಚುಕಡಿಮೆ ಅದೇ. ಕೆಳಗೆ ಚಕ್ರವನ್ನು ಹಿಡಿದಿಡುವ ತೋಳು, ತೋಳಿನ ತುದಿಯಲ್ಲಿ ಬಾಲ್ ಜಾಯಿಂಟ್, ತಿರುವಿನಲ್ಲಿ ಕಾರು ವಾಲದಂತೆ ಎಡಬಲಗಳನ್ನು ಬೆಸೆಯುವ ಸ್ಟೆಬಿಲೈಸರ್ ಬಾರ್, ಅದನ್ನು ಕಂಬಕ್ಕೆ ಜೋಡಿಸುವ ಗೇಣುದ್ದದ ಲಿಂಕ್. ಲೋಹ ಲೋಹಕ್ಕೆ ತಾಗದಂತೆ ಅಲ್ಲಲ್ಲಿ ರಬ್ಬರಿನ ಬುಷ್‌ಗಳು. ಈ ಬುಷ್‌ಗಳಿಗೆ ಇಂದಿಗೂ ನೈಸರ್ಗಿಕ ರಬ್ಬರೇ ಬೇಕು. ಲಕ್ಷಾಂತರ ಬಾರಿ ಹಿಗ್ಗಿ ಕುಗ್ಗಿಯೂ ಸೀಳದ ಗುಣ ಅದಕ್ಕಿದೆ. 1964ರ ಭಾರತ-ಶ್ರೀಲಂಕಾ ಒಪ್ಪಂದದ ಬಳಿಕ ಅಲ್ಲಿಂದ ಮರಳಿದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸುಳ್ಯ, ಪುತ್ತೂರು ಸೀಮೆಯ ಗುಡ್ಡಗಳಲ್ಲಿ ಸರ್ಕಾರವೇ ರಬ್ಬರ್ ಬೆಳೆಸಿತು. ಆಮೇಲೆ ರೈತರೂ ಬೆಳೆಸಿದರು. ನಮ್ಮ ಕಣ್ಣೆದುರೇ ಚಿಪ್ಪಿಗೆ ಇಳಿಯುವ ಈ ಬಿಳಿಯ ಹಾಲಿಗೂ ಕಾರಿನ ಕೆಳಗಿನ ಮೌನಕ್ಕೂ ನಂಟಿದೆಯೆಂಬುದು ಅನೇಕರಿಗೆ ಹೊಳೆದಿರಲಿಕ್ಕಿಲ್ಲ.

ಕಿವಿಯಿಂದ ತೀರ್ಮಾನಿಸುವುದು ಈ ಸೀಮೆಯವರಿಗೆ ಹೊಸ ವಿದ್ಯೆಯೇನೂ ಅಲ್ಲ. ಹಲಸಿನಕಾಯಿ ಬಲಿತಿದೆಯೇ ಎಂದು ಬೆರಳಿನಿಂದ ಬಡಿದು ಕೇಳುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತೇವೆ. ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲು ಕಂಡ ಅಡಿಕೆಯೊಳಗಿನ ಗೋಟು ಗಟಗಟ ಎಂದರೆ ಒಣಗಿದೆಯೆಂದು ಲೆಕ್ಕ. ಯಂತ್ರವಿಟ್ಟು ತೇವಾಂಶ ಅಳೆಯುವ ಮುನ್ನವೇ ಮನೆಯ ಅಜ್ಜಿ ಅದನ್ನು ಹೇಳಿಬಿಡುತ್ತಿದ್ದಳು. ಇಂತಹ ಸದ್ದುಗಳಿಗೆ ಕನ್ನಡದಲ್ಲಿ ಪದಗಳ ಬರವೂ ಇಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಉರುಹಚ್ಚಿದ ಕಟಕಟ, ಗಡಗಡ, ಕಿರ್ರ್, ಧಡ್, ಟಣ್, ಗುಂಯ್ ಇವೆಲ್ಲ ಒಂದೊಂದು ಬಿಡಿಭಾಗದ ವಿಳಾಸಗಳೆಂದರೆ ಅತಿಶಯೋಕ್ತಿಯಲ್ಲ. ಆದರೆ ದೊಡ್ಡ ಸರ್ವಿಸ್ ಕೇಂದ್ರದ ಕೌಂಟರಿನಲ್ಲಿ ಇಷ್ಟೂ ಸಂಪತ್ತು ಒಂದೇ ಸಾಲಿಗೆ ಇಳಿಯುತ್ತದೆ. ನೀವು ಏನೇ ವರ್ಣಿಸಿ, ಕಂಪ್ಯೂಟರಿನ ಮುಂದೆ ಕುಳಿತ ಯುವಕ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು ‘ಫ್ರಂಟ್ ನಾಯ್ಸ್’ ಎಂದಷ್ಟೇ. ಕಾರಿನ ಕೆಳಗೆ ನಿಲ್ಲುವ ಮೆಕ್ಯಾನಿಕ್ಕಿಗೆ ತಲುಪುವುದು ಆ ಎರಡು ಪದಗಳು ಮಾತ್ರ. ಅವನು ನಿಮ್ಮನ್ನು ನೋಡುವುದಿಲ್ಲ, ನೀವು ಅವನನ್ನು ನೋಡುವುದಿಲ್ಲ. ನಡುವೆ ಗಾಜಿನ ಗೋಡೆ.

ಹತ್ತು ವರ್ಷ ದಾಟಿದ ನಮ್ಮ ಸಣ್ಣ ಕಾರಿನ ಮುಂದಿನ ಎಡಭಾಗದಿಂದ ಒಮ್ಮೆ ಇಂಥದೇ ಕಟಕಟ ಶುರುವಾಯಿತು. ನಗರದ ಒಂದು ಸರ್ವಿಸ್ ಕೇಂದ್ರದಲ್ಲಿ ತೋರಿಸಿದಾಗ ಎರಡೂ ಶಾಕ್ ಅಬ್ಸಾರ್ಬರ್, ಅವುಗಳ ಮೇಲಿನ ಮೌಂಟ್, ಕೆಳಗಿನ ಎರಡೂ ತೋಳು ಬದಲಿಸಬೇಕೆಂದು ಇಪ್ಪತ್ತು ಸಾವಿರಕ್ಕೆ ಸಮೀಪದ ಅಂದಾಜುಪಟ್ಟಿ ಕೈಗೆ ಬಂತು. ಯಾವುದು ಸವೆದಿದೆ ಎಂದು ತೋರಿಸಿ ಎಂದೆ. ‘ಸೆಟ್ ಹಾಕಿದರೆ ಕಂಪ್ಲೇಂಟ್ ಬರುವುದಿಲ್ಲ ಸರ್’ ಎಂಬುದು ಉತ್ತರ. ಪಟ್ಟಿಯನ್ನು ಕಿಸೆಗೆ ಹಾಕಿ ಊರಿಗೆ ಮರಳಿದೆ. ಕಡಬದ ಕಡೆಯ ಶೀಟಿನ ಮಾಡಿನ ಗ್ಯಾರೇಜಿನವರು ಕೇಳಿದ ಮೊದಲ ಪ್ರಶ್ನೆ: ‘ಹಂಪ್‌ಗೆ ನೇರ ಹತ್ತಿಸಿದರೂ ಸದ್ದು ಬರ್ತದಾ, ಅಡ್ಡ ಹತ್ತಿಸಿದರೆ ಮಾತ್ರವಾ?’ ಅಡ್ಡ ಹತ್ತಿಸಿದರೆ ಮಾತ್ರ ಎಂದೆ. ಹತ್ತು ನಿಮಿಷದಲ್ಲಿ ಸವೆದ ಲಿಂಕನ್ನು ಬಿಚ್ಚಿ ಕೈಯಲ್ಲಿಟ್ಟರು. ಜೋಡಿ ಲಿಂಕಿನ ಬೆಲೆಯೂ ಕೂಲಿಯೂ ಸೇರಿ ನಗರದ ಅಂದಾಜಿನ ಹತ್ತನೆಯ ಒಂದು ಪಾಲನ್ನೂ ಮುಟ್ಟಲಿಲ್ಲ.

ಆ ಪ್ರಶ್ನೆಯ ಹಿಂದಿನ ತರ್ಕವನ್ನು ತುಸು ಬಿಡಿಸಿ ಹೇಳಬೇಕು. ಸ್ಟೆಬಿಲೈಸರ್ ಬಾರ್ ಎಂಬುದು ಎರಡೂ ಚಕ್ರಗಳನ್ನು ಬೆಸೆಯುವ ಸರಳು. ಎರಡೂ ಚಕ್ರಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅದಕ್ಕೆ ತಿರುಚಾಟವಿಲ್ಲ, ಲಿಂಕ್ ಸುಮ್ಮನಿರುತ್ತದೆ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಮೇಲೆಯೇ ಉಳಿದಾಗ ಮಾತ್ರ ಸರಳು ತಿರುಚುತ್ತದೆ, ಸವೆದ ಲಿಂಕ್ ಕಟಕಟ ಎನ್ನುತ್ತದೆ. ಆದ್ದರಿಂದ ರಸ್ತೆಯುಬ್ಬನ್ನು ನೇರವಾಗಿ ನಿಧಾನಕ್ಕೆ ಏರಿದಾಗ ಮೌನವಾಗಿದ್ದು, ಓರೆಯಾಗಿ ಏರಿದಾಗ ಬಾಯಿಬಿಡುವ ಸದ್ದು ಬಹುಮಟ್ಟಿಗೆ ಲಿಂಕಿನದು ಅಥವಾ ಸರಳಿನ ಬುಷ್ಷಿನದು. ಇದನ್ನು ಕಂಡುಹಿಡಿಯಲು ಸಲಕರಣೆ ಬೇಡ, ಬೇಕಾದ್ದು ಒಂದು ರಸ್ತೆಯುಬ್ಬು ಮತ್ತು ಹಿಂದೆ ಹಾರ್ನ್ ಹೊಡೆಯುವವರಿಲ್ಲದ ಐದು ನಿಮಿಷ. ಬಸ್‌ನಿಲ್ದಾಣದ ಬಳಿ ಈ ಪ್ರಯೋಗ ಮಾಡದಿರುವುದು ಲೇಸು.

ಬೇರೆ ಸದ್ದುಗಳಿಗೂ ಇಂತಹ ಗುರುತುಗಳುಂಟು. ದೊಡ್ಡ ಗುಂಡಿಯಲ್ಲಿ ಧಡ್ ಎಂದು ತಳಕ್ಕೆ ಬಡಿದಂತಾಗಿ, ಅನಂತರವೂ ಕಾರು ಎರಡು ಮೂರು ಬಾರಿ ತೂಗಾಡಿದರೆ ಶಾಕ್ ಅಬ್ಸಾರ್ಬರಿನ ಆಯಸ್ಸು ತೀರಿದೆ. ಕಂಬದ ಮೈಗೆ ಎಣ್ಣೆ ಜಿನುಗಿದ್ದರೆ ಸಾಕ್ಷಿಯೂ ಸಿಕ್ಕಂತೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಬಿಗಿದ ತಂತಿಯನ್ನು ಮೀಟಿದಂತೆ ಟೊಂಯ್ ಎಂದರೆ ಕಂಬದ ನೆತ್ತಿಯ ಬೇರಿಂಗಿನತ್ತ ನೋಡಬೇಕು. ನಿಧಾನವಾಗಿ ಉಬ್ಬು ಹತ್ತುವಾಗ ಹಳೆಯ ಬಾಗಿಲಿನಂತೆ ಕಿರ್ರ್ ಎನ್ನುವುದು ಒಣಗಿದ ಬುಷ್. ಬೇಸಿಗೆಯಲ್ಲಿ ಕಿರುಗುಟ್ಟಿ ಮೊದಲ ಮಳೆಗೆ ಸುಮ್ಮನಾಗುವ ಕಾರುಗಳನ್ನು ಕಂಡು, ತಾನಾಗಿಯೇ ಸರಿಯಾಯಿತೆಂದು ಸಮಾಧಾನಪಡುವವರಿದ್ದಾರೆ. ರಬ್ಬರ್ ಒದ್ದೆಯಾದದ್ದರಿಂದ ಸದ್ದು ಅಡಗಿದೆ, ಅಷ್ಟೆ. ಇದನ್ನೇ ಪರೀಕ್ಷೆಯಾಗಿಸಬಹುದು: ಒಂದೊಂದೇ ಬುಷ್ಷಿಗೆ ನೀರು ಚಿಮುಕಿಸಿ, ಯಾವುದಕ್ಕೆ ಚಿಮುಕಿಸಿದಾಗ ಸದ್ದು ನಿಂತಿತೆಂದು ನೋಡಿದರಾಯಿತು.

ಇನ್ನು ಸಸ್ಪೆನ್ಷನ್ನಿನ ವೇಷದಲ್ಲಿ ಬರುವ ಪರಕೀಯ ಸದ್ದುಗಳು. ಬ್ರೇಕನ್ನು ಹಗುರವಾಗಿ ಒತ್ತಿದೊಡನೆ ಕಟಕಟ ನಿಂತರೆ ಅದು ಬ್ರೇಕ್ ಪ್ಯಾಡಿನದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಸಾಗುವಾಗ ಮಾತ್ರ ಟಕ್ ಟಕ್ ಎಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಅಚ್ಚಿನ ಕೀಲಿನದು. ವೇಗ ಏರಿದಂತೆ ಏರುವ ಗುಂಯ್‌ಕಾರ ವೀಲ್ ಬೇರಿಂಗಿನದು. ಬಲಕ್ಕೆ ಬಳಸುವ ತಿರುವಿನಲ್ಲಿ ಭಾರ ಎಡಕ್ಕೆ ಬೀಳುವುದರಿಂದ, ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ತಪ್ಪಿತಸ್ಥ ಎಡಗಡೆಯದು. ಇವೆಲ್ಲಕ್ಕೂ ಮೊದಲು ಡಿಕ್ಕಿಯನ್ನು ಬರಿದು ಮಾಡಬೇಕು. ಕಳಚಿಕೊಂಡ ಜಾಕ್, ಸಡಿಲ ಸ್ಟೆಪ್ನಿ, ಕಳೆದ ವಾರ ಮರೆತುಹೋದ ಎರಡು ತೆಂಗಿನಕಾಯಿ, ಇವು ಎಷ್ಟು ಗ್ಯಾರೇಜುಗಳ ಹೊಟ್ಟೆ ತುಂಬಿಸಿವೆಯೋ!

ಆದರೆ ಗುರುತಿಸುವುದು ಬೇರೆ, ಕೈಹಾಕುವುದು ಬೇರೆ. ಎಲ್ಲವನ್ನೂ ಸ್ವತಃ ಮಾಡಿಕೊಳ್ಳಬೇಕೆಂಬ ಉತ್ಸಾಹಿಗಳ ಪಂಥಕ್ಕೆ ನಾನು ಸೇರಿದವನಲ್ಲ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆ ತೂರಿಸುವುದು ಆತ್ಮಹತ್ಯೆಯ ಸುಲಭ ದಾರಿ. ನಮ್ಮ ಅಂಗಳಗಳು ಇಳಿಜಾರು ಬೇರೆ. ಕಂಬದಲ್ಲಿ ಅದುಮಿ ಕೂತಿರುವ ಸ್ಪ್ರಿಂಗನ್ನು ಸರಿಯಾದ ಸಲಕರಣೆಯಿಲ್ಲದೆ ಬಿಚ್ಚಿದರೆ ಅದು ಗುಂಡಿನಂತೆ ಚಿಮ್ಮುತ್ತದೆ. ಇಂಟರ್ನೆಟ್ಟಿನಲ್ಲಿ ಹತ್ತು ನಿಮಿಷದ ದೃಶ್ಯ ನೋಡಿ ಸ್ಪ್ಯಾನರ್ ಎತ್ತಿಕೊಳ್ಳುವವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಕಾಯಲಾಗದ ಸದ್ದುಗಳೂ ಇವೆ. ಕೆಳತೋಳಿನ ಬಾಲ್ ಜಾಯಿಂಟ್ ಸವೆದಾಗ ಮೊದಮೊದಲು ಲಿಂಕಿನಂತೆಯೇ ಕಟಕಟ ಎನ್ನುತ್ತದೆ. ಬರಬರುತ್ತ ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ, ಟಯರಿನ ಅಂಚು ಓರೆಯಾಗಿ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕೆಳಗೆ ಟಣ್ ಎಂಬ ಒಂಟಿ ಹೊಡೆತ. ಕೀಲು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ. ಪೇಟೆಯ ರಸ್ತೆಯಲ್ಲಿ ಹೀಗಾದರೆ ನಾಲ್ಕು ಜನ ಸೇರುತ್ತಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲೋ ಶಿರಾಡಿ ಘಾಟಿಯಲ್ಲೋ ಆದರೆ ಹೇಳುವುದಕ್ಕೇನೂ ಉಳಿಯುವುದಿಲ್ಲ. ಟೈ ರಾಡಿನ ತುದಿಗೂ ಇದೇ ಮಾತು. ಕಟಕಟವನ್ನು ಲಿಂಕೆಂದು ತಾನೇ ತೀರ್ಮಾನಿಸಿ ತಿಂಗಳುಗಟ್ಟಲೆ ಓಡಿಸುವವನಿಗಿಂತ, ಏನೂ ತಿಳಿಯದೆ ಮರುದಿನವೇ ಗ್ಯಾರೇಜಿಗೆ ಹೋಗುವವನು ಕ್ಷೇಮ. ಚಕ್ರವನ್ನು ನೆಲದಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ, ಕೀಲಿನ ಸಡಿಲನ್ನು ಅಳೆದು, ಉಳಿದ ಆಯಸ್ಸನ್ನು ಅಂದಾಜಿಸುವ ಕೆಲಸ ಪಳಗಿದ ಕೈಯದು.

ಪಳಗಿದ ಕೈಯೂ ಎಡವುದುಂಟು. ನಮ್ಮಲ್ಲಿ ಮಳೆಗಾಲಕ್ಕೆ ಮುನ್ನ ಕಾರಿನ ಅಡಿಗೆ ಸುಟ್ಟ ಎಂಜಿನ್ ಆಯಿಲ್ ಸಿಂಪಡಿಸುವ ಹಳೆಯ ಪದ್ಧತಿಯಿದೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳ ಜೀಪಿನ ಕಾಲದಲ್ಲಿ ತುಕ್ಕು ತಡೆಯಲು ಅದು ಒದಗಿರಬಹುದು. ಆದರೆ ಖನಿಜ ತೈಲ ತಾಗಿದ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಇಂದಿನ ಕಾರಿನ ಹತ್ತಾರು ಬುಷ್‌ಗಳಿಗೆ ಅದು ನಿಧಾನ ವಿಷ. ಇನ್ನೊಂದು ಕಣ್ಣಿಗೆ ಕಾಣದ ತಪ್ಪಿದೆ. ತೋಳಿನ ಬುಷ್ ಬದಲಿಸಿದ ಮೇಲೆ ಬೋಲ್ಟನ್ನು ಕೊನೆಯ ಬಿಗಿತಕ್ಕೆ ತರಬೇಕಾದದ್ದು ಚಕ್ರ ನೆಲಕ್ಕೂರಿ, ಕಾರಿನ ಭಾರ ಅದರ ಮೇಲೆ ಬಿದ್ದ ಬಳಿಕ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ, ಕಾರು ನೆಲಕ್ಕಿಳಿದೊಡನೆ ಬುಷ್ ತಿರುಚಿಕೊಂಡು ನಿಂತು ಬೇಗನೆ ಹರಿಯುತ್ತದೆ. ಹೊಸದಾಗಿ ಹಾಕಿಸಿದ್ದು ಒಂದೇ ಮಳೆಗಾಲಕ್ಕೆ ಹೋಯಿತೆಂದು ಬಿಡಿಭಾಗದ ಕಂಪನಿಯನ್ನು ಬೈಯುವ ಮುನ್ನ ಈ ಒಂದು ಪ್ರಶ್ನೆ ಕೇಳಬಹುದು. ತೋಳನ್ನೇ ಬದಲಿಸಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿದಿರಾ ಎಂಬುದು ಎರಡನೆಯದು. ಪ್ರಶ್ನೆ ಕೇಳುವ ಗಿರಾಕಿಯ ಮೇಲೆ ಮುನಿಸಿಕೊಳ್ಳುವ ಗ್ಯಾರೇಜುಗಳನ್ನು ನಾನು ಕಂಡಿದ್ದೇನೆ. ಖುಷಿಯಿಂದ ಕೆಳಗೆ ಕರೆದು ಟಾರ್ಚ್ ಹಿಡಿದು ತೋರಿಸುವವನ್ನೂ ಕಂಡಿದ್ದೇನೆ. ಎರಡನೆಯವು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಹೆಚ್ಚಿವೆಯೆಂಬುದು ನನ್ನ ಅನುಭವ.

ಹಾಗೆಂದು ದೊಡ್ಡ ಕೇಂದ್ರಗಳವರೆಲ್ಲ ಸುಲಿಗೆಕೋರರೆಂದು ಷರಾ ಬರೆಯುವುದು ಅನ್ಯಾಯ. ಅವರ ವ್ಯವಸ್ಥೆಯೇ ಹಾಗಿದೆ. ಸುಳ್ಯದಿಂದ 80 ಕಿಲೋಮೀಟರ್‌ಗೂ ಹೆಚ್ಚು ದೂರದ ಮಂಗಳೂರಿಗೆ ಕಾರು ಒಯ್ದವನು ವಾರದಲ್ಲೇ ಅದೇ ಸದ್ದಿನೊಂದಿಗೆ ಮರಳಿ ಬಂದರೆ ಆಗುವ ಜಗಳವನ್ನು ತಪ್ಪಿಸಲು, ಶಂಕೆಯಿರುವುದನ್ನೆಲ್ಲ ಒಮ್ಮೆಗೇ ಬದಲಿಸಿಬಿಡುವುದು ಅವರಿಗೆ ಕ್ಷೇಮದ ಹಾದಿ. ಅರ್ಧ ಗಂಟೆ ಕಿವಿಗೊಟ್ಟು ಆಲಿಸಿದ್ದಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ. ಬದಲಿಸಿದ ಭಾಗಕ್ಕೆ ಇದೆ. ಎಂಜಿನ್ನಿನ ದೋಷವನ್ನಾದರೆ ಸ್ಕ್ಯಾನರ್ ಚುಚ್ಚಿ ಓದಬಹುದು. ಸಾಮಾನ್ಯ ಕಾರುಗಳ ಬುಷ್ಷಿಗೆ, ಲಿಂಕಿಗೆ ಸಂವೇದಕಗಳಿಲ್ಲ. ಅಲ್ಲಿ ಇಂದಿಗೂ ಉಪಕರಣವೆಂದರೆ ಕಿವಿ ಮತ್ತು ಅಂಗೈ. ವಿದ್ಯುತ್ ಕಾರುಗಳು ಬಂದಮೇಲಂತೂ ಎಂಜಿನ್ನಿನ ಗದ್ದಲದ ಮರೆಯಿಲ್ಲದೆ ಅಡಿಯ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸತೊಡಗಿದೆ.

ಈ ಕಿವಿಗಳಿರುವ ಸಣ್ಣ ಗ್ಯಾರೇಜಿಗೆ ಒಳ್ಳೆಯ ಬಿಡಿಭಾಗ ಸಿಗದಿದ್ದರೆ ಏನು ಪ್ರಯೋಜನ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿದ್ದು ಈ ಕಾರಣಕ್ಕೇ: ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಸಲಕರಣೆಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂಬುದು ಆಯೋಗದ ನಿಲುವು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆಂದೇ ಜಾಲತಾಣವೊಂದನ್ನು ತೆರೆದು, ಅದರಲ್ಲಿ ವಾಹನಗಳನ್ನೂ ಸೇರಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಅಸಲಿಯೂ ನಕಲಿಯೂ ಒಂದೇ ಬಗೆಯ ಡಬ್ಬಿಯಲ್ಲಿ ಬರುವ ಅಂಗಡಿಯ ಮುಂದೆ ನಿಂತ ಗ್ಯಾರೇಜು ಮಾಲೀಕನಿಗೆ ಬೇಕಾದ್ದು ಭಾಗದ ಸಂಖ್ಯೆ, ಬೋಲ್ಟಿಗೆ ಎಷ್ಟು ಬಿಗಿತವೆಂಬ ಅಂಕಿ, ಸವೆತ ಎಷ್ಟಾದರೆ ಬದಲಿಸಬೇಕೆಂಬ ಮಿತಿ. ಇವು ಅವನ ಭಾಷೆಯಲ್ಲಿ, ಅವನ ಮೊಬೈಲಿನಲ್ಲಿ ಸಿಗುವಂತಾಗಬೇಕು.

1988ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಹುಟ್ಟಿದಾಗ, ತೋಟದ ಅನುಭವವನ್ನು ತಜ್ಞರಿಗೆ ಬಿಡದೆ ಕೃಷಿಕನೇ ಬರೆಯಬೇಕೆಂಬ ಹಟ ಅದಕ್ಕಿತ್ತು. ಎಲೆ ಯಾವ ತಿಂಗಳಲ್ಲಿ ಹಳದಿಯಾಯಿತು, ಯಾವ ಇಳಿಜಾರಿನಲ್ಲಿ ಕಾಯಿ ಉದುರಿತು ಎಂಬ ವಿವರ ತೋಟದವನಲ್ಲದೆ ಬೇರಾರ ಬಳಿಯಲ್ಲೂ ಇರುವುದಿಲ್ಲ. ಕಾರಿನ ವಿಷಯವೂ ಭಿನ್ನವಲ್ಲ. ಸದ್ದು ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಜನ ಕುಳಿತಾಗ, ಡಿಕ್ಕಿಯಲ್ಲಿ ಅಡಿಕೆ ಮೂಟೆಯಿದ್ದಾಗಲೋ ಇಲ್ಲದಾಗಲೋ, ಬೆಳಗಿನ ತಂಪಿನಲ್ಲೋ ಮಧ್ಯಾಹ್ನದ ಬಿಸಿಲಿನಲ್ಲೋ ಬರುತ್ತದೆಂದು ಮಾಲೀಕನೊಬ್ಬನಿಗೇ ಗೊತ್ತು. ಒಂದು ವಾರ ಗಮನಿಸಿ ಚೀಟಿಯಲ್ಲಿ ಬರೆದಿಟ್ಟರೆ, ಹಿಂದಿನ ಸೀಟಿನಲ್ಲಿ ಮಗನನ್ನು ಕೂರಿಸಿ ಮೊಬೈಲಿನಲ್ಲಿ ಸದ್ದನ್ನು ಹಿಡಿದಿಟ್ಟರೆ, ಮೆಕ್ಯಾನಿಕ್ಕಿನ ಅರ್ಧ ದಿನ ಉಳಿಯುತ್ತದೆ. ಕಾರನ್ನು ಬಿಟ್ಟು ಬರುವ ಬದಲು, ಸದ್ದು ಬರುವ ರಸ್ತೆಗೇ ಅವನನ್ನು ಕರೆದೊಯ್ಯುವುದು ಇನ್ನೂ ಉತ್ತಮ. ಆ ಹೊತ್ತಿಗೆ ಕೂಲಿ ಕೊಡುವುದೂ ನ್ಯಾಯ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಲು ನಾಚಬೇಕಿಲ್ಲ. ಸವೆದ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದವನಿಗೆ ಮುಂದಿನ ಬಾರಿ ಆ ಸದ್ದು ಗೊತ್ತಾಗುತ್ತದೆ.

ಇದಕ್ಕೆ ತಕ್ಕ ಕಾಲ ಅಕ್ಟೋಬರ್. ಮಳೆ ನಿಂತಿರುತ್ತದೆ, ಗುಂಡಿಗಳು ಇನ್ನೂ ಮುಚ್ಚಿರುವುದಿಲ್ಲ, ಒದ್ದೆ ರಬ್ಬರ್ ಒಣಗಿ ನಾಲ್ಕು ತಿಂಗಳು ಅಡಗಿದ್ದ ಸದ್ದುಗಳು ಒಂದೊಂದಾಗಿ ಹೊರಬರುತ್ತವೆ. ಹೊಸ ಅಡಿಕೆಯ ಕೊಯ್ಲು ಶುರುವಾದರೆ ಗ್ಯಾರೇಜಿನವರಿಗೂ ಪುರುಸೊತ್ತಿರುವುದಿಲ್ಲ, ಕಾರಿನವರಿಗೂ ಇರುವುದಿಲ್ಲ.